ಬೇರೆ ರಾಜ್ಯದ ಕಾಲೇಜು ಮತ್ತು ಮೆರಿಟ್ ಸ್ಕಾಲರ್‌ಶಿಪ್: ಅಮೆರಿಕದ ಕನ್ನಡ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಕನ್ನಡ ಮನೆಗಳಲ್ಲಿ ಮಕ್ಕಳು 11ನೇ ಕ್ಲಾಸಿಗೆ ಬಂದರೆಂದರೆ ಈ ಮಾತು ಶುರುವಾಗುತ್ತದೆ. ನಮ್ಮ ರಾಜ್ಯದ ಯೂನಿವರ್ಸಿಟಿಯಲ್ಲಿ ಸೀಟು ಸಿಗುತ್ತೋ ಇಲ್ಲವೋ. ಸಿಗದಿದ್ದರೆ ಬೇರೆ ರಾಜ್ಯ. ಬೇರೆ ರಾಜ್ಯ ಅಂದರೆ ದುಡ್ಡು. ಕನ್ನಡ ಕೂಟದ ಗೆಳೆಯರು, ಅವರ ನೆಂಟರು, ಊರಿನಿಂದ ಫೋನ್ ಮಾಡುವವರು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ನಾನು ಎಲ್ಲರಿಗೂ ಮೊದಲು ಹೇಳುವುದು ಒಂದೇ ಮಾತು. ಮೆರಿಟ್ ಹಣ, ಅಂದರೆ ಮಗುವಿನ ಓದು, ಸಾಧನೆ ನೋಡಿ ಕಾಲೇಜು ಕೊಡುವ ಸ್ಕಾಲರ್‌ಶಿಪ್, ಸಿಗುತ್ತದೋ ಇಲ್ಲವೋ ಎನ್ನುವುದು ಎಲ್ಲೆಲ್ಲಿ ಅಪ್ಲಿಕೇಶನ್ ಹಾಕಿದಿರಿ ಎನ್ನುವುದರಲ್ಲೇ ಬಹುಪಾಲು ತೀರ್ಮಾನ ಆಗಿಬಿಟ್ಟಿರುತ್ತದೆ. ಅಡ್ಮಿಷನ್ ಪತ್ರ ಬಂದ ಮೇಲೆ ಮಾಡಬಹುದಾದ್ದು ಕಮ್ಮಿ.

ಫೀ, ಕೊನೆಯ ದಿನ, ನಿಯಮ ಎಲ್ಲವೂ ವರ್ಷ ವರ್ಷ ಬದಲಾಗುತ್ತವೆ. ಇಲ್ಲಿರುವ ಅಂಕಿಗಳನ್ನು ಅಂದಾಜಿಗೆ ಇಟ್ಟುಕೊಳ್ಳಿ. ಅಪ್ಲಿಕೇಶನ್ ಹಾಕುವ ಮುಂಚೆ ಆಯಾ ಕಾಲೇಜಿನ ವೆಬ್‌ಸೈಟ್‌ನಲ್ಲಿ ಆ ವರ್ಷದ್ದನ್ನು ನೋಡಿ.

ಒಂದೇ ಕಾಲೇಜು, ಒಂದೇ ಕ್ಲಾಸ್ ರೂಮು. ಬೇರೆ ರಾಜ್ಯದವರಿಗೆ ಯಾಕೆ ಅಷ್ಟೊಂದು ಫೀ?

ಸ್ಟೇಟ್ ಯೂನಿವರ್ಸಿಟಿಗಳಿಗೆ ಆ ರಾಜ್ಯದವರು ಕಟ್ಟಿದ ತೆರಿಗೆಯ ಹಣ ಹೋಗುತ್ತದೆ. ಹಾಗಾಗಿ ಆ ರಾಜ್ಯದ ಮಕ್ಕಳಿಗೆ ಕಮ್ಮಿ ಫೀ, ಹೊರಗಿನವರಿಗೆ ಪೂರ್ತಿ ಫೀ. ಕರ್ನಾಟಕದಲ್ಲಿ ಒಂದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಇಟಿ ಸೀಟಿಗೆ ಒಂದು ಫೀ, ಮ್ಯಾನೇಜ್‌ಮೆಂಟ್ ಸೀಟಿಗೆ ಇನ್ನೊಂದು ಫೀ ಇರುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ.

ವ್ಯತ್ಯಾಸ ಎಷ್ಟು ದೊಡ್ಡದು ಅಂದರೆ, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಯಾವುದೇ ಕ್ಯಾಂಪಸ್‌ನಲ್ಲಿ ಹೊರ ರಾಜ್ಯದವರು ಮಾಮೂಲಿ ಫೀ ಜೊತೆಗೆ ವರ್ಷಕ್ಕೆ 34,000 ಡಾಲರ್‌ಗಿಂತ ಜಾಸ್ತಿ ಕಟ್ಟಬೇಕು. ಮಿಶಿಗನ್ ಆನ್ ಆರ್ಬರ್‌ನಲ್ಲಿ ಊಟ, ವಸತಿ ಎಲ್ಲ ಸೇರಿ ಹೊರಗಿನವರಿಗೆ ವರ್ಷಕ್ಕೆ 75,000 ದಾಟುತ್ತದೆ.

2008ರ ಆರ್ಥಿಕ ಕುಸಿತದ ನಂತರ ಹಲವು ರಾಜ್ಯಗಳು ತಮ್ಮ ಯೂನಿವರ್ಸಿಟಿಗಳಿಗೆ ಕೊಡುವ ಹಣ ಕಡಿತ ಮಾಡಿದವು. ಆಗ ಯೂನಿವರ್ಸಿಟಿಗಳು ಹೊರಗಿನ ವಿದ್ಯಾರ್ಥಿಗಳ ಕಡೆ ಹೆಚ್ಚು ತಿರುಗಿದವು. ಯೂನಿವರ್ಸಿಟಿ ಆಫ್ ಅಲಬಾಮದಲ್ಲಿ ಈಗ ಡಿಗ್ರಿ ಓದುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಬೇರೆ ರಾಜ್ಯದವರು. ಚೆನ್ನಾಗಿ ಓದುವ ಮಗುವಿಗೆ 15,000 ಬಿಟ್ಟುಕೊಟ್ಟರೂ ಅವರ ಕೈಗೆ ಸ್ಥಳೀಯ ವಿದ್ಯಾರ್ಥಿ ಕಟ್ಟುವುದಕ್ಕಿಂತ ಜಾಸ್ತಿ ಬರಬಹುದು. ಜೊತೆಗೆ ಅವರ ಸರಾಸರಿ ಅಂಕವೂ ಏರುತ್ತದೆ. ಮೆರಿಟ್ ಸ್ಕಾಲರ್‌ಶಿಪ್ ಹುಟ್ಟುವುದು ಈ ಲೆಕ್ಕದಿಂದ. ಇದು ಗೊತ್ತಿದ್ದರೆ ಯಾವ ಕಾಲೇಜು ಕೊಡುತ್ತದೆ, ಯಾವುದು ಕೊಡಲ್ಲ ಅಂತ ಊಹಿಸುವುದು ಸುಲಭ. ಬೇಡವೆಂದರೂ ಪೂರ್ತಿ ಫೀ ಕಟ್ಟಿ ಬರುವವರ ಸಾಲು ಉದ್ದ ಇರುವ ಕಡೆ ರಿಯಾಯಿತಿ ಇರುವುದಿಲ್ಲ.

ಖಾಸಗಿ ಕಾಲೇಜುಗಳಲ್ಲಿ ಈ ಒಳಗೆ ಹೊರಗೆ ಎಂಬ ಭೇದ ಇಲ್ಲ. ಎಲ್ಲರಿಗೂ ಒಂದೇ ಬೋರ್ಡ್ ಬೆಲೆ. ಆದರೆ ಆ ಬೆಲೆಯನ್ನು ಪೂರ್ತಿ ಕಟ್ಟುವವರು ಕಮ್ಮಿ. ದೇಶದ ಖಾಸಗಿ ಕಾಲೇಜುಗಳನ್ನು ಒಟ್ಟಾಗಿ ನೋಡಿದರೆ ಮೊದಲ ವರ್ಷದ ಟ್ಯೂಷನ್ ಫೀಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದಲ್ಲ ಒಂದು ರೂಪದಲ್ಲಿ ರಿಯಾಯಿತಿಯಾಗಿ ಹೋಗುತ್ತದೆ.

ಮೆರಿಟ್ ಸ್ಕಾಲರ್‌ಶಿಪ್ ಬೇರೆ, ಫೈನಾನ್ಷಿಯಲ್ ಏಡ್ ಬೇರೆಯಾ?

ಹೌದು. ಏಡ್ ಎನ್ನುವುದು ಮನೆಯ ಆದಾಯ, ಉಳಿತಾಯ ನೋಡಿ ಕೊಡುವುದು. ಅದಕ್ಕೆ ಫ್ಯಾಫ್ಸಾ ಫಾರ್ಮ್, ಅಂದರೆ ಫೆಡರಲ್ ಸರ್ಕಾರದ ಏಡ್ ಅರ್ಜಿ, ಬೇಕು. ಹಲವು ಖಾಸಗಿ ಕಾಲೇಜುಗಳಿಗೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಆದಾಯದ ಫಾರ್ಮ್ ಕೂಡ ಬೇಕು. ಮೆರಿಟ್ ಎನ್ನುವುದು ಮಗುವಿನ ಓದು, ಅಂಕ, ಸಾಧನೆ ನೋಡಿ ಕೊಡುವುದು. ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಗೆ ಏಡ್ ಸಿಗುವ ಸಾಧ್ಯತೆ ಕಮ್ಮಿ. ಅಂಥವರಿಗೆ ಉಳಿಯುವುದು ಮೆರಿಟ್ ದಾರಿಯೇ. ಆದರೂ ಕೆಲವು ಕಾಲೇಜುಗಳು ಮೆರಿಟ್ ಕೊಡುವುದಕ್ಕೂ ಫ್ಯಾಫ್ಸಾ ಕೇಳುತ್ತವೆ. "ನಮಗೆ ಹೇಗೂ ಸಿಗಲ್ಲ" ಅಂತ ಸುಮ್ನೆ ಬಿಡಬೇಡಿ, ಅದು ಉಚಿತ.

ನನ್ನ ಮಗಳಿಗೆ ಎಸ್‌ಎಟಿ ಪ್ರವೇಶ ಪರೀಕ್ಷೆಯಲ್ಲಿ 1600ಕ್ಕೆ 1550. ಹಾರ್ವರ್ಡ್ ಸಿಕ್ಕರೆ ಸ್ಕಾಲರ್‌ಶಿಪ್ ಕೊಡುತ್ತಾರಾ?

ಇಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ, ಪೆನ್, ಬ್ರೌನ್, ಡಾರ್ಟ್‌ಮತ್, ಕಾರ್ನೆಲ್ ಈ ಎಂಟು ಐವಿ ಲೀಗ್ ಕಾಲೇಜುಗಳೂ ಮೆರಿಟ್ ಹಣ ಕೊಡುವುದಿಲ್ಲ. ಆದಾಯ ನೋಡಿ ಕೊಡುವ ಏಡ್ ಮಾತ್ರ. ಎಂಐಟಿಯೂ ಹಾಗೇ. ಸ್ಟ್ಯಾನ್‌ಫರ್ಡ್ ಕ್ರೀಡೆಗೆ ಕೊಡುತ್ತದೆ, ಓದಿಗೆ ಮೆರಿಟ್ ಕೊಡುವುದಿಲ್ಲ. ಅಲ್ಲಿ ಸೇರುವ ಎಲ್ಲರೂ ನಿಮ್ಮ ಮಗಳಷ್ಟೇ ಬುದ್ಧಿವಂತರು, ಅಲ್ವಾ?

ಅದೇ ಎತ್ತರದಲ್ಲಿದ್ದೂ ಮೆರಿಟ್ ಕೊಡುವ ಖಾಸಗಿ ಕಾಲೇಜುಗಳಿವೆ. ವ್ಯಾಂಡರ್‌ಬಿಲ್ಟ್, ಡ್ಯೂಕ್, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ಯೂನಿವರ್ಸಿಟಿ, ಎಮರಿ, ಲಾಸ್ ಏಂಜಲಿಸ್‌ನ ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ). ಯುಎಸ್‌ಸಿಯ ಟ್ರಸ್ಟೀ ಸ್ಕಾಲರ್‌ಶಿಪ್‌ನಲ್ಲಿ ಪೂರ್ತಿ ಟ್ಯೂಷನ್ ಫೀ ಮಾಫಿ. ಆದರೆ ಇಂಥವು ಸಿಗುವುದು ಬೆರಳೆಣಿಕೆಯ ಮಕ್ಕಳಿಗೆ. ಇವುಗಳನ್ನೇ ನಂಬಿ ಪಟ್ಟಿ ಮಾಡಬೇಡಿ.

ಹಾಗಾದರೆ ಯಾವ ಕಾಲೇಜು ದುಡ್ಡು ಕೊಡುತ್ತದೆ ಅಂತ ಮೊದಲೇ ತಿಳಿಯುವುದು ಹೇಗೆ?

ಈ ಒಂದು ಪ್ರಶ್ನೆಗೆ ಒಂದು ಶನಿವಾರ ಪೂರ್ತಿ ಕೊಡಿ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಮೊದಲು, ಕಾಮನ್ ಡೇಟಾ ಸೆಟ್, ಅಂದರೆ ಕಾಲೇಜು ತನ್ನ ಅಂಕಿಅಂಶಗಳನ್ನು ಪ್ರಕಟಿಸುವ ದಾಖಲೆ. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ಇದನ್ನು ಹಾಕುತ್ತವೆ. ಕಾಲೇಜಿನ ಹೆಸರಿನ ಜೊತೆ ಈ ಮೂರು ಪದ ಸೇರಿಸಿ ಹುಡುಕಿದರೆ ಪಿಡಿಎಫ್ ಸಿಗುತ್ತದೆ. ಅದರಲ್ಲಿ ಎಚ್ ಎಂಬ ಭಾಗಕ್ಕೆ ಹೋಗಿ, ಎಚ್2ಎ ಎಂಬ ಸಣ್ಣ ಕೋಷ್ಟಕ ನೋಡಿ. ಹಣದ ಅಗತ್ಯ ಇಲ್ಲದಿದ್ದರೂ ಕಾಲೇಜಿನಿಂದ ಸ್ಕಾಲರ್‌ಶಿಪ್ ಪಡೆದ ಮೊದಲ ವರ್ಷದ ಮಕ್ಕಳು ಎಷ್ಟು ಮಂದಿ, ಸರಾಸರಿ ಎಷ್ಟು ಡಾಲರ್ ಎಂಬುದು ಅಲ್ಲಿರುತ್ತದೆ. ಅದರ ಮೇಲಿನ ಕೋಷ್ಟಕದಲ್ಲಿ ಮೊದಲ ವರ್ಷದ ಒಟ್ಟು ಮಕ್ಕಳ ಸಂಖ್ಯೆ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು. ಹತ್ತರಲ್ಲಿ ನಾಲ್ವರಿಗೆ ಕೊಡುವ ಕಾಲೇಜು ಯಾವುದು, ನೂರರಲ್ಲಿ ಒಬ್ಬರಿಗೆ ಕೊಡುವುದು ಯಾವುದು ಅಂತ ತಾನೇ ಗೊತ್ತಾಗುತ್ತದೆ. ಯಾವ ಕನ್ಸಲ್ಟೆಂಟ್ ಹೇಳುವುದಕ್ಕಿಂತ ಇದು ಸ್ಪಷ್ಟ. ಒಂದು ವಿಷಯ ನೆನಪಿಡಿ. ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಈ ಅಂಕಿಯೊಳಗೆ ಸ್ಥಳೀಯ ಮಕ್ಕಳೂ ಸೇರಿರುತ್ತಾರೆ. ಹೊರಗಿನವರಿಗೆ ಏನಿದೆ ಅಂತ ಬೇರೆಯಾಗಿ ನೋಡಬೇಕು.

ಆಮೇಲೆ, ನೆಟ್ ಪ್ರೈಸ್ ಕ್ಯಾಲ್ಕುಲೇಟರ್. ರಿಯಾಯಿತಿ ಕಳೆದು ನಿಮ್ಮ ಮನೆ ಎಷ್ಟು ಕಟ್ಟಬೇಕಾಗಬಹುದು ಅಂತ ಇದು ಅಂದಾಜು ಹೇಳುತ್ತದೆ. 2011ರಿಂದ ಫೆಡರಲ್ ಏಡ್ ಕೊಡುವ ಪ್ರತಿ ಕಾಲೇಜಿನ ವೆಬ್‌ಸೈಟ್‌ನಲ್ಲೂ ಇದು ಇರಲೇಬೇಕು ಎಂಬ ಕಾನೂನು ಇದೆ. ಕೆಲವು ಕಾಲೇಜುಗಳದ್ದು ಆದಾಯ ಮಾತ್ರ ಕೇಳುತ್ತದೆ, ಅದರಿಂದ ಮೆರಿಟ್ ತಿಳಿಯಲ್ಲ. ಜಿಪಿಎ (ಶಾಲೆಯ ಗ್ರೇಡುಗಳ ಸರಾಸರಿ), ಎಸ್‌ಎಟಿ ಕೂಡ ಕೇಳಿದರೆ ಮೆರಿಟ್ ಲೆಕ್ಕವೂ ಅದರಲ್ಲಿದೆ ಅಂತ ಅರ್ಥ.

ಕೊನೆಯದು ಮಗುವಿನ ಜಾಗ. ಅದೇ ಡೇಟಾ ಸೆಟ್‌ನ ಸಿ ಭಾಗದಲ್ಲಿ ಸೇರಿದ ಮಕ್ಕಳ ಎಸ್‌ಎಟಿ ಹಂಚಿಕೆ ಇರುತ್ತದೆ. ನಿಮ್ಮ ಮಗುವಿನ ಅಂಕ ಅಲ್ಲಿನ ಮೇಲಿನ ಕಾಲು ಭಾಗದಲ್ಲಿದ್ದರೆ ಮಾತ್ರ ಮೆರಿಟ್ ಆಸೆ ಇಟ್ಟುಕೊಳ್ಳಬಹುದು. ಹೇಗೋ ಸೀಟು ಸಿಕ್ಕರೆ ಸಾಕು ಅನ್ನುವ ಕಾಲೇಜಿನಿಂದ ಸ್ಕಾಲರ್‌ಶಿಪ್ ಬರುವುದು ತೀರಾ ಅಪರೂಪ. ನಮ್ಮವರ ಪಟ್ಟಿಗಳಲ್ಲಿ ನಾನು ನೋಡುವ ತೊಂದರೆ ಇದೇ. ಹದಿನೈದು ಕಾಲೇಜಿದ್ದರೆ ಹನ್ನೆರಡು ಅತ್ಯಂತ ಕಷ್ಟದವು, ಮೂರು ಮನೆ ಹತ್ತಿರದವು. ದುಡ್ಡು ಕೊಡುವ ಕಾಲೇಜುಗಳು ಇರುವುದು ಇವೆರಡರ ಮಧ್ಯೆ. ಅಲ್ಲಿಗೆ ಯಾರೂ ಅಪ್ಲಿಕೇಶನ್ನೇ ಹಾಕಿರುವುದಿಲ್ಲ.

ಆಟೊಮ್ಯಾಟಿಕ್ ಸ್ಕಾಲರ್‌ಶಿಪ್ ಅಂದರೇನು?

ಇಷ್ಟು ಜಿಪಿಎ, ಇಷ್ಟು ಎಸ್‌ಎಟಿ ಇದ್ದರೆ ಇಷ್ಟು ಡಾಲರ್ ಅಂತ ಮೊದಲೇ ಪ್ರಕಟಿಸಿರುವ ಸ್ಕಾಲರ್‌ಶಿಪ್. ಅಡ್ಮಿಷನ್ ಸಿಕ್ಕರೆ ಹಣವೂ ಖಾತ್ರಿ. ಅಲಬಾಮ ಇದಕ್ಕೆ ಹೆಸರುವಾಸಿ. ಅರಿಝೋನಾ ಸ್ಟೇಟ್ ಯೂನಿವರ್ಸಿಟಿಯ ವೆಬ್‌ಸೈಟ್‌ನಲ್ಲಿ ಅಂದಾಜು ಹೇಳುವ ಕ್ಯಾಲ್ಕುಲೇಟರ್ ಇದೆ. ಯೂನಿವರ್ಸಿಟಿ ಆಫ್ ಸೌತ್ ಕ್ಯಾರೊಲಿನಾದ ಕೆಲವು ಸ್ಕಾಲರ್‌ಶಿಪ್‌ಗಳ ಜೊತೆ ಫೀಯೂ ಸ್ಥಳೀಯರ ಮಟ್ಟಕ್ಕೆ ಇಳಿಯುತ್ತದೆ. ಆದರೆ ಅದು ಸ್ಪರ್ಧೆಯ ಮೇಲೆ ಕೊಡುವಂಥದ್ದು, ಖಾತ್ರಿ ಇಲ್ಲ. ಪಟ್ಟಿಯಲ್ಲಿ ಖಾತ್ರಿ ಕೊಡುವ ಒಂದೆರಡು ಕಾಲೇಜು ಇದ್ದರೆ ಮನೆಯವರೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಇನ್ನೊಂದು ಬಗೆ ಸ್ಪರ್ಧೆಯದು. ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ 1945ರಲ್ಲಿ ಶುರುವಾದ ಮೋರ್‌ಹೆಡ್-ಕೇನ್, ವರ್ಜೀನಿಯಾ ಯೂನಿವರ್ಸಿಟಿಯ ಜೆಫರ್ಸನ್, ನಾರ್ತ್ ಕ್ಯಾರೊಲಿನಾ ಸ್ಟೇಟ್‌ನ ಪಾರ್ಕ್, ಜಾರ್ಜಿಯಾ ಟೆಕ್‌ನ ಸ್ಟಾಂಪ್ಸ್, ಟೆಕ್ಸಸ್‌ನ ಯುಟಿ ಡಲ್ಲಾಸ್‌ನ ಮೆಕ್‌ಡರ್ಮಟ್ ಇಂಥವು. ಇವುಗಳಲ್ಲಿ ಫೀ, ಊಟ, ವಸತಿ ಎಲ್ಲ ಸೇರಿ ಹೆಚ್ಚುಕಡಿಮೆ ಪೂರ್ತಿ ಖರ್ಚು ಸಿಗುತ್ತದೆ. ಪ್ರಬಂಧ, ಇಂಟರ್‌ವ್ಯೂ, ಕ್ಯಾಂಪಸ್‌ನಲ್ಲಿ ವಾರಾಂತ್ಯದ ಆಯ್ಕೆ ಸುತ್ತು ಎಲ್ಲ ಇರುತ್ತವೆ. ಇಲ್ಲಿ ನೋಡುವುದು ಬರೀ ಅಂಕವನ್ನಲ್ಲ. ಹಾಕಿ ನೋಡಲೇಬೇಕು, ಆದರೆ ಬಜೆಟ್ಟಿನಲ್ಲಿ ಇದನ್ನು ಸೊನ್ನೆ ಅಂತಲೇ ಬರೆಯಿರಿ.

ನ್ಯಾಷನಲ್ ಮೆರಿಟ್ ಬಗ್ಗೆ ತುಂಬಾ ಕೇಳುತ್ತೇವೆ. 2,500 ಡಾಲರ್‌ಗೆ ಅಷ್ಟೊಂದು ಗದ್ದಲ ಯಾಕೆ?

ನ್ಯಾಷನಲ್ ಮೆರಿಟ್ ದೇಶಮಟ್ಟದ ಸ್ಕಾಲರ್‌ಶಿಪ್ ಸ್ಪರ್ಧೆ. ಗದ್ದಲ ಅದು ಕೊಡುವ ಆ 2,500ಕ್ಕಲ್ಲ. 11ನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ಬರೆಯುವ ಪಿಎಸ್‌ಎಟಿ (ಎಸ್‌ಎಟಿಗೆ ಮುಂಚಿನ ಪರೀಕ್ಷೆ) ಅಂಕದ ಮೇಲೆ ಸುಮಾರು 16,000 ಮಕ್ಕಳು ಸೆಮಿಫೈನಲಿಸ್ಟ್ ಆಗುತ್ತಾರೆ. ಅವರಲ್ಲಿ ಬಹುತೇಕರು ಮುಂದಿನ ಫೆಬ್ರವರಿಯಲ್ಲಿ ಫೈನಲಿಸ್ಟ್ ಆಗುತ್ತಾರೆ. ಫೈನಲಿಸ್ಟ್ ಆದ ಮಗುವಿಗೆ ಕೆಲವು ಯೂನಿವರ್ಸಿಟಿಗಳು ತಾವಾಗಿಯೇ ದೊಡ್ಡ ಪ್ಯಾಕೇಜ್ ಕೊಡುತ್ತವೆ. ಅಲಬಾಮ ಟ್ಯೂಷನ್ ಫೀ ಜೊತೆಗೆ ಹಾಸ್ಟೆಲ್ ರೂಮಿನ ಖರ್ಚನ್ನೂ ಕೊಡುತ್ತಾ ಬಂದಿದೆ. ಯುಟಿ ಡಲ್ಲಾಸ್ ಕೂಡ ಫೀ ಪೂರ್ತಿ ಬಿಟ್ಟು ಮೇಲೆ ಸ್ಟೈಪೆಂಡ್ ಕೊಡುತ್ತಾ ಬಂದಿದೆ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿದರೆ ಇದು ಲಕ್ಷ ಡಾಲರ್ ದಾಟುವ ಮಾತು.

ಕಟ್ಆಫ್ ರಾಜ್ಯದಿಂದ ರಾಜ್ಯಕ್ಕೆ ಬೇರೆ. 228ಕ್ಕೆ ಲೆಕ್ಕ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾದಲ್ಲಿ ತುಂಬಾ ಮೇಲೆ ಇರುತ್ತದೆ. ನಮ್ಮವರು ಜಾಸ್ತಿ ಇರುವುದೂ ಅಲ್ಲೇ. ಅದಕ್ಕೇ 10ನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ಸ್ವಲ್ಪ ತಯಾರಿ ಮಾಡಿಸಿದರೆ ಒಳ್ಳೆಯದು. ಫೈನಲಿಸ್ಟ್ ಆದ ಮೇಲೆ ಯಾವ ಕಾಲೇಜು ಮೊದಲ ಆಯ್ಕೆ ಅಂತ ನ್ಯಾಷನಲ್ ಮೆರಿಟ್ ಸಂಸ್ಥೆಗೆ ತಿಳಿಸಬೇಕು. ಕಾಲೇಜು ಹೇಳಿದ ದಿನದೊಳಗೆ ಅದನ್ನು ಮಾಡದಿದ್ದರೆ ಕೈಗೆ ಬಂದ ಪ್ಯಾಕೇಜ್ ತಪ್ಪಿಹೋಗಬಹುದು.

ಮೆರಿಟ್ ಬಿಟ್ಟು ಬೇರೆ ರಾಜ್ಯದ ಫೀ ಇಳಿಸುವ ದಾರಿ ಇದೆಯಾ?

ಇದೆ, ಮತ್ತು ಬಹಳ ಜನರಿಗೆ ಗೊತ್ತೇ ಇಲ್ಲ. ಪಶ್ಚಿಮದ ರಾಜ್ಯಗಳಲ್ಲಿ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಅಂತ ಒಂದು ಒಪ್ಪಂದ ಇದೆ, ಚಿಕ್ಕದಾಗಿ "ವೂಯಿ" ಅನ್ನುತ್ತಾರೆ. ಇದರಲ್ಲಿರುವ ಕಾಲೇಜು ನೆರೆ ರಾಜ್ಯದ ಮಗುವಿಗೆ ಸ್ಥಳೀಯ ಫೀಯ ಒಂದೂವರೆ ಪಟ್ಟಿಗಿಂತ ಜಾಸ್ತಿ ಕೇಳುವಂತಿಲ್ಲ. ಕ್ಯಾಲಿಫೋರ್ನಿಯಾದ ಮಗು ನೆವಾಡದ ರೀನೊ ಯೂನಿವರ್ಸಿಟಿಗೆ ಹೋದರೆ ಈ ದಾರಿ ಸಿಗಬಹುದು. ದೊಡ್ಡ ಹೆಸರಿನ ಕೆಲವು ಕ್ಯಾಂಪಸ್‌ಗಳು ಇದರಲ್ಲಿಲ್ಲ. ಕೆಲವು ಕಡೆ ಸೀಟು ಮಿತಿ, ಕೆಲವು ಕಡೆ ಬೇಡಿಕೆಯ ಕೋರ್ಸ್‌ಗಳಿಗೆ ಅನ್ವಯಿಸಲ್ಲ. ದಕ್ಷಿಣದ ಹಲವು ರಾಜ್ಯಗಳಿಗೆ ಅಕಾಡೆಮಿಕ್ ಕಾಮನ್ ಮಾರ್ಕೆಟ್ ಇದೆ, ನ್ಯೂ ಇಂಗ್ಲೆಂಡ್‌ಗೆ ಅದರದೇ ಯೋಜನೆ ಇದೆ. ಅವೆರಡೂ ಮುಖ್ಯವಾಗಿ ನಿಮ್ಮ ರಾಜ್ಯದಲ್ಲಿ ಇಲ್ಲದ ಕೋರ್ಸ್‌ಗಳಿಗೆ. ಮಿನೆಸೋಟ ಮತ್ತು ವಿಸ್ಕಾನ್ಸಿನ್ ನಡುವೆ ಬೇರೆಯೇ ಒಪ್ಪಂದ ಇದೆ.

ಟೆಕ್ಸಸ್‌ನದ್ದು ನನಗೆ ತುಂಬಾ ಇಷ್ಟವಾದ ನಿಯಮ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿ ಹೊರಗಿನ ಮಗುವಿಗೆ ಸ್ಪರ್ಧೆಯ ಮೇಲೆ ಕನಿಷ್ಠ 1,000 ಡಾಲರ್‌ನ ಸ್ಕಾಲರ್‌ಶಿಪ್ ಕೊಟ್ಟರೆ ಟ್ಯೂಷನ್ ಫೀಯನ್ನೂ ಸ್ಥಳೀಯರ ಮಟ್ಟಕ್ಕೆ ಇಳಿಸಬಹುದು. ಕಾಗದದ ಮೇಲೆ ಸಾವಿರ, ನಿಜವಾಗಿ ಉಳಿಯುವುದು ಅದರ ಹಲವು ಪಟ್ಟು. ಈ ಸವಲತ್ತಿಗೆ ಸಂಖ್ಯೆಯ ಮಿತಿ ಇದೆ. ಹಾಗಾಗಿ ಪತ್ರದಲ್ಲಿ ಇದರ ಮಾತು ಸ್ಪಷ್ಟವಾಗಿ ಇದೆಯಾ ಅಂತ ನೋಡಿ.

ಡಲ್ಲಾಸ್‌ನಲ್ಲಿ ಚಿಕ್ಕಪ್ಪ ಇದ್ದಾರೆ. ಅವರ ಅಡ್ರೆಸ್ ಕೊಟ್ಟರೆ ಇನ್‌ಸ್ಟೇಟ್, ಅಂದರೆ ಸ್ಥಳೀಯರ ಫೀ, ಆಗಲ್ವಾ?

ಆಗುವುದಿಲ್ಲ. ಮಗು ಅಪ್ಪ ಅಮ್ಮನ ಮೇಲೆ ಅವಲಂಬಿತ ಆಗಿರುವವರೆಗೆ ಸಾಮಾನ್ಯವಾಗಿ ಅಪ್ಪ ಅಮ್ಮ ಎಲ್ಲಿದ್ದಾರೋ ಅದೇ ರಾಜ್ಯ. ಕಾಲೇಜಿಗೆ ಅಂತಲೇ ಬಂದು ಒಂದು ವರ್ಷ ಇದ್ದರೂ ಹೆಚ್ಚಿನ ರಾಜ್ಯಗಳು ಒಪ್ಪುವುದಿಲ್ಲ. ಮಿಸೂರಿಯಂಥ ಒಂದೆರಡು ರಾಜ್ಯಗಳಲ್ಲಿ ಅಲ್ಲೇ ಉಳಿದು ದುಡಿದು ಎರಡನೇ ವರ್ಷದಿಂದ ಸ್ಥಳೀಯರಾಗುವ ದಾರಿ ಇದೆ. ಅದರ ಷರತ್ತುಗಳನ್ನು ಓದಿಯೇ ಮುಂದುವರಿಯಿರಿ. ಸುಳ್ಳು ಅಡ್ರೆಸ್ ಕೊಡುವ ಯೋಚನೆ ಬೇಡವೇ ಬೇಡ.

ನಾವು ಎಚ್-1ಬಿ (ಕೆಲಸದ ವೀಸಾ), ಮಗ ಎಚ್-4 (ಅವಲಂಬಿತರ ವೀಸಾ). ಅವನಿಗೆ ಮೆರಿಟ್ ಸಿಗುತ್ತದಾ?

ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ಮನೆಗಳ ದೊಡ್ಡ ಚಿಂತೆ ಇದು. ಎರಡು ವರ್ಷದ ಮಗುವಾಗಿ ಬಂದು, ಇಲ್ಲೇ ಕಿಂಡರ್‌ಗಾರ್ಟನ್‌ನಿಂದ ಓದಿದ ಮಕ್ಕಳಿಗೆ ಕಾಲೇಜಿನ ಹೊತ್ತಿಗೆ ನೀನು ಹೊರಗಿನವನು ಅಂತ ಹೇಳಿದಂತಾಗುತ್ತದೆ. ಅದು ಅವರ ಮನಸ್ಸಿಗೆ ಎಷ್ಟು ನೋವು ಕೊಡುತ್ತದೆ ಅನ್ನುವುದನ್ನು ಅಪ್ಪ ಅಮ್ಮ ಮರೆಯಬಾರದು.

ಎಚ್-4 ಮಕ್ಕಳಿಗೆ ಫ್ಯಾಫ್ಸಾ ಮೂಲಕ ಬರುವ ಫೆಡರಲ್ ಸಹಾಯ, ಫೆಡರಲ್ ಸಾಲ ಎರಡೂ ಇಲ್ಲ. ಮೆರಿಟ್ ಮಾತ್ರ ಕಾಲೇಜಿನ ಸ್ವಂತ ಹಣ, ಅದರ ನಿಯಮ ಕಾಲೇಜಿನದ್ದೇ. ಕೆಲವು ಸ್ಕಾಲರ್‌ಶಿಪ್‌ಗಳಿಗೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಬೇಕು. ಹಲವಕ್ಕೆ ಬೇಕಿಲ್ಲ. ಕೆಲವು ಕಾಲೇಜುಗಳು ಎಚ್-4 ಮಗುವನ್ನು ಅಮೆರಿಕದ ಹೈಸ್ಕೂಲಿನ ಉಳಿದ ಮಕ್ಕಳ ಜೊತೆ ಇಡುತ್ತವೆ, ಕೆಲವು ಅಂತರರಾಷ್ಟ್ರೀಯ ಗುಂಪಿಗೆ ಹಾಕುತ್ತವೆ. ಹಾಗಾಗಿ ಪಟ್ಟಿಯ ಪ್ರತಿ ಕಾಲೇಜಿಗೂ ಇಮೇಲ್ ಬರೆದು ಕೇಳಬೇಕು. ಬೇರೆ ದಾರಿ ಇಲ್ಲ.

ಕೇಳುವಾಗ ಇನ್ನೊಂದನ್ನು ಖಂಡಿತ ಸೇರಿಸಿ. ಮಗನಿಗೆ 21 ತುಂಬಿದಾಗ ಎಚ್-4 ಮುಗಿಯುತ್ತದೆ. ಅಷ್ಟರಲ್ಲಿ ಗ್ರೀನ್ ಕಾರ್ಡ್ ಬಂದಿರದಿದ್ದರೆ ಹೆಚ್ಚಿನವರು ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಯಿಸುತ್ತಾರೆ. ಅದು ಸಾಮಾನ್ಯವಾಗಿ ಕಾಲೇಜಿನ ಮೂರನೇ ಅಥವಾ ನಾಲ್ಕನೇ ವರ್ಷದಲ್ಲಿ ಬರುತ್ತದೆ. ಆಗ ಸ್ಕಾಲರ್‌ಶಿಪ್ ಮುಂದುವರಿಯುತ್ತದಾ? ಫೀ ಅಂತರರಾಷ್ಟ್ರೀಯ ದರಕ್ಕೆ ಏರುತ್ತದಾ? ಉತ್ತರ ಫೋನಿನಲ್ಲಿ ಬೇಡ, ಬರವಣಿಗೆಯಲ್ಲಿ ಬೇಕು. ಆ ಇಮೇಲ್ ಜೋಪಾನವಾಗಿ ಇಟ್ಟುಕೊಳ್ಳಿ.

ಸ್ಟೈಪೆಂಡ್‌ಗೆ ಬದಲಾಗಿ ಕ್ಯಾಂಪಸ್‌ನಲ್ಲಿ ಕೆಲಸ ಮಾಡಬೇಕು ಅಂತ ಇರುವ ಸ್ಕಾಲರ್‌ಶಿಪ್‌ಗಳೂ ಇವೆ. ಎಚ್-4 ಮಗು ಕೆಲಸ ಮಾಡುವಂತಿಲ್ಲ. ಷರತ್ತುಗಳಲ್ಲಿ ಈ ಸಾಲು ಇದೆಯಾ ನೋಡಿ. ವೀಸಾ ತೀರ್ಮಾನಗಳನ್ನು ಮಾತ್ರ ವಕೀಲರನ್ನು ಕೇಳಿಯೇ ಮಾಡಿ.

ಮಗಳು ಹುಟ್ಟಿದ್ದು ಅಮೆರಿಕದಲ್ಲಿ, ಈಗ ನಾವು ಬೆಂಗಳೂರಿಗೆ ವಾಪಸ್ ಬಂದಿದ್ದೇವೆ. ಅವಳ ಕಥೆ ಏನು?

ಅವಳು ಅಮೆರಿಕದ ಪ್ರಜೆ. ಫ್ಯಾಫ್ಸಾ ತುಂಬಬಹುದು, ಫೆಡರಲ್ ಸಾಲ ಪಡೆಯಬಹುದು, ವೀಸಾ ಬೇಡ. ಆದರೆ ಯಾವ ರಾಜ್ಯದಲ್ಲೂ ವಾಸ ಇಲ್ಲದ್ದರಿಂದ ಸಾಮಾನ್ಯವಾಗಿ ಎಲ್ಲ ರಾಜ್ಯಗಳಿಗೂ ಹೊರಗಿನವಳೇ. ಹಾಗಾಗಿ ಆಟೊಮ್ಯಾಟಿಕ್ ಮೆರಿಟ್ ಕೊಡುವ ಕಾಲೇಜುಗಳು ಅವಳಿಗೆ ಇನ್ನೂ ಮುಖ್ಯ. ಅವಳ ಶಾಲೆಯಲ್ಲಿ ಪಿಎಸ್‌ಎಟಿ ಇದ್ದರೆ ವಿದೇಶದಲ್ಲಿ ಓದುವ ಅಮೆರಿಕನ್ ಪ್ರಜೆಯಾಗಿ ನ್ಯಾಷನಲ್ ಮೆರಿಟ್‌ಗೂ ಸ್ಪರ್ಧಿಸಬಹುದು. ಕಟ್ಆಫ್ ಮಾತ್ರ ದೇಶದಲ್ಲೇ ಅತಿ ಮೇಲಿನ ಮಟ್ಟದ್ದು.

ಯಾವಾಗ ಶುರು ಮಾಡಬೇಕು?

ಹಣದ ಮಾತನ್ನು 10ನೇ ಕ್ಲಾಸಿನಲ್ಲಿ, ಪಟ್ಟಿಯನ್ನು 11ನೇ ಕ್ಲಾಸಿನ ವಸಂತದಲ್ಲಿ. ಎಸ್‌ಎಟಿ ಅಥವಾ ಅದೇ ಬಗೆಯ ಎಸಿಟಿ ಪರೀಕ್ಷೆ 12ನೇ ಕ್ಲಾಸಿನ ಆಗಸ್ಟ್ ಒಳಗೆ ಮುಗಿದಿದ್ದರೆ ಆರಾಮ. ಮೆರಿಟ್‌ಗೆ ನಿಜವಾದ ಕೊನೆಯ ದಿನ ಬಹಳ ಕಡೆ ನವೆಂಬರ್ 1. ಮೇರಿಲ್ಯಾಂಡ್ ಯೂನಿವರ್ಸಿಟಿಯಲ್ಲಿ ಆ ದಿನದೊಳಗೆ ಹಾಕಿದವರನ್ನು ಮೆರಿಟ್‌ಗೆ ತಾನಾಗಿ ಪರಿಗಣಿಸುತ್ತಾರೆ. ಯುಎಸ್‌ಸಿಯಲ್ಲೂ ಹೆಚ್ಚಿನ ಕೋರ್ಸ್‌ಗಳಿಗೆ ಅದೇ ದಿನ. ಜನವರಿಯಲ್ಲಿ ಹಾಕಿದರೂ ಅಡ್ಮಿಷನ್ ಸಿಗಬಹುದು, ಹಣ ಆಗಲೇ ಹಂಚಿ ಹೋಗಿರುತ್ತದೆ. ವ್ಯಾಂಡರ್‌ಬಿಲ್ಟ್‌ನಂಥ ಕಡೆ ದೊಡ್ಡ ಸ್ಕಾಲರ್‌ಶಿಪ್‌ಗಳಿಗೆ ಬೇರೆ ಫಾರ್ಮ್ ಇರುತ್ತದೆ, ಅದನ್ನು ಮರೆಯುವವರು ಬಹಳ.

ಅರ್ಲಿ ಆಕ್ಷನ್‌ಗೆ ಹಾಕಿ. ಅಂದರೆ ಬೇಗ ಹಾಕಿ ಬೇಗ ಉತ್ತರ ಪಡೆಯುವುದು, ಸೇರಲೇಬೇಕು ಅಂತಿಲ್ಲ. ಅರ್ಲಿ ಡಿಸಿಷನ್ ಬೇರೆ. ಅದರಲ್ಲಿ ಸೀಟು ಸಿಕ್ಕರೆ ಅಲ್ಲೇ ಸೇರುತ್ತೇನೆ ಅಂತ ಸಹಿ ಹಾಕಿ ಕೊಡುತ್ತೀರಿ. ನಾಲ್ಕು ಆಫರ್ ಪಕ್ಕಪಕ್ಕ ಇಟ್ಟು ನೋಡುವ ಅವಕಾಶ ಹೋಗುತ್ತದೆ. ಮೆರಿಟ್ ಬೇಕು ಅನ್ನುವ ಮನೆಗೆ ಅದು ಹೊಂದುವುದಿಲ್ಲ ಅಂತಲೇ ನನ್ನ ಅಭಿಪ್ರಾಯ.

ಕಾಲೇಜು ಟೆಸ್ಟ್ ಆಪ್ಷನಲ್. ಎಸ್‌ಎಟಿ ಬಿಡಬಹುದಾ?

ಅಡ್ಮಿಷನ್‌ಗೆ ಬೇಡ ಅನ್ನುವ ಕಾಲೇಜೇ ಮೆರಿಟ್ ಕೋಷ್ಟಕದಲ್ಲಿ ಎಸ್‌ಎಟಿ ಕೇಳಬಹುದು. ಬರೆಸಿ. ಒಳ್ಳೆಯ ಅಂಕ ಬಂದರೆ ಕಳಿಸಿ.

ಪ್ರಬಂಧದಲ್ಲಿ ಏನು ಬರೆಯಬೇಕು? ಕನ್ನಡ ಶಾಲೆ, ಭರತನಾಟ್ಯ ಲೆಕ್ಕಕ್ಕೆ ಬರುತ್ತಾ?

ಆಟೊಮ್ಯಾಟಿಕ್ ಸ್ಕಾಲರ್‌ಶಿಪ್‌ಗೆ ಪ್ರಬಂಧದ ತೂಕ ಕಮ್ಮಿ. ಸ್ಪರ್ಧೆಯವಕ್ಕೆ ಅದೇ ಪ್ರಾಣ. ರಂಗಪ್ರವೇಶ ಮಾಡಿದ್ದು ದೊಡ್ಡ ಸಾಧನೆ, ಆದರೆ "ನೃತ್ಯ ನನಗೆ ಶಿಸ್ತು ಕಲಿಸಿತು" ಎಂಬ ಪ್ರಬಂಧವನ್ನು ಓದುವವರು ಸಾಕಷ್ಟು ನೋಡಿರುತ್ತಾರೆ. ಭಾನುವಾರದ ಕನ್ನಡ ತರಗತಿಯಲ್ಲಿ ಆರು ವರ್ಷದ ತುಂಟರಿಗೆ ಒತ್ತಕ್ಷರ ಕಲಿಸಲು ನಿಮ್ಮ ಮಗಳು ತಾನೇ ಒಂದು ಆಟ ಮಾಡಿದ್ದರೆ, ಅದನ್ನು ಬೇರೆ ಶಿಕ್ಷಕರೂ ಬಳಸಲು ಶುರು ಮಾಡಿದ್ದರೆ, ಅದು ಬರೆಯುವಂಥ ವಿಷಯ. ಏನು ಮಾಡಿದಳು, ಯಾರಿಗೆ ಏನು ಬದಲಾಯಿತು ಎಂಬುದು ಕಾಣಬೇಕು. ಅಪ್ಪ ಅಮ್ಮ ಕಾಗುಣಿತ ನೋಡಬಹುದು, ಬರೆದುಕೊಡಬಾರದು. ಹದಿನೇಳರ ಮಗುವಿನ ದನಿ ಯಾವುದು, ನಲವತ್ತೈದರ ಮ್ಯಾನೇಜರ್ ದನಿ ಯಾವುದು ಅಂತ ಅವರಿಗೆ ಗೊತ್ತಾಗುತ್ತದೆ.

30,000 ಡಾಲರ್ ಸ್ಕಾಲರ್‌ಶಿಪ್ ಬಂದಿದೆ! ಒಪ್ಪಿಕೊಳ್ಳಬಹುದಾ?

ಮೊದಲು ಮಗುವಿಗೆ ಸಿಹಿ ಕೊಡಿ. ಆಮೇಲೆ ಲೆಕ್ಕ.

ನೋಡಬೇಕಾದ್ದು ಎಷ್ಟು ಕೊಟ್ಟರು ಎಂಬುದನ್ನಲ್ಲ, ಎಷ್ಟು ಉಳಿಯಿತು ಎಂಬುದನ್ನು. ವರ್ಷಕ್ಕೆ 90,000 ಖರ್ಚಿನ ಖಾಸಗಿ ಕಾಲೇಜು 30,000 ಕೊಟ್ಟರೆ ನೀವು ಕಟ್ಟುವುದು 60,000. ಪರ್ಡ್ಯೂ ಯೂನಿವರ್ಸಿಟಿ ಒಂದು ಡಾಲರ್ ಸ್ಕಾಲರ್‌ಶಿಪ್ ಕೊಡದಿದ್ದರೂ ಊಟ ವಸತಿ ಸೇರಿ 40,000ದ ಆಸುಪಾಸಿನಲ್ಲಿ ಮುಗಿಯುತ್ತದೆ. ಅಲ್ಲಿ 2013ರಿಂದ ವರ್ಷ ವರ್ಷವೂ ಮೂಲ ಟ್ಯೂಷನ್ ಫೀ ಏರಿಸದೆ ಹಿಡಿದುಕೊಂಡು ಬಂದಿದ್ದಾರೆ. ಹೊರ ರಾಜ್ಯದವರಿಗೆ 28,794, ಇಂಡಿಯಾನಾದವರಿಗೆ 9,992. ಎಂಜಿನಿಯರಿಂಗ್‌ಗೆ ಇದರ ಮೇಲೆ ಸ್ವಲ್ಪ ಜಾಸ್ತಿ. ಸ್ಕಾಲರ್‌ಶಿಪ್ ಎಂಬ ಮಾತಿನಲ್ಲಿ ಹೆಮ್ಮೆ ಇದೆ, ನನಗೂ ಅರ್ಥವಾಗುತ್ತದೆ. ಆದರೆ ಬ್ಯಾಂಕಿನಿಂದ ಹೋಗುವುದು ಉಳಿದ ಮೊತ್ತ.

ಆಮೇಲೆ ಪತ್ರವನ್ನು ಪೂರ್ತಿ ಓದಿ. ಒಂದೇ ವರ್ಷಕ್ಕಾ, ಎಂಟು ಸೆಮಿಸ್ಟರ್‌ಗಾ? ಉಳಿಸಿಕೊಳ್ಳಲು ಎಷ್ಟು ಜಿಪಿಎ ಬೇಕು? 3.0 ಆದರೆ ಸಾಮಾನ್ಯವಾಗಿ ತೊಂದರೆ ಇಲ್ಲ. 3.5 ಅಂದರೆ ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಕ್ಯಾಲ್ಕುಲಸ್, ಫಿಸಿಕ್ಸ್, ಕೆಮಿಸ್ಟ್ರಿ ಒಟ್ಟಿಗೆ ಬಂದಾಗ ಒಳ್ಳೆಯ ಮಕ್ಕಳೂ ಜಾರುತ್ತಾರೆ. ಒಂದು ಸೆಮಿಸ್ಟರ್ ಬಿದ್ದರೆ ಸುಧಾರಿಸಿಕೊಳ್ಳಲು ಸಮಯ ಕೊಡುತ್ತಾರಾ ಅಂತ ಕೇಳಿ. ಕೋರ್ಸ್ ಬದಲಾಯಿಸಿದರೆ ಹಣ ಉಳಿಯುತ್ತದಾ ಅಂತಲೂ ಕೇಳಿ. ಸ್ಕಾಲರ್‌ಶಿಪ್ ಮೊತ್ತ ನಾಲ್ಕು ವರ್ಷವೂ ಅಷ್ಟೇ ಇದ್ದು ಫೀ ಏರುತ್ತಾ ಹೋದರೆ ಕೊನೆಯ ವರ್ಷದ ಬಿಲ್ಲು ಮೊದಲ ವರ್ಷದಂತೆ ಇರುವುದಿಲ್ಲ.

ಹೊರಗಿನ ಸಂಸ್ಥೆಗಳಿಂದ ಸ್ಕಾಲರ್‌ಶಿಪ್ ತಂದರೆ ಕೆಲವು ಕಾಲೇಜುಗಳು ಅಷ್ಟೇ ಮೊತ್ತವನ್ನು ತಮ್ಮದರಲ್ಲಿ ಕಡಿಮೆ ಮಾಡುತ್ತವೆ. ಇದನ್ನೂ ಮೊದಲೇ ಕೇಳಿ.

ಸ್ಕಾಲರ್‌ಶಿಪ್‌ಗೆ ತೆರಿಗೆ ಇದೆಯಾ? ಕಾಲೇಜಿಗೆಂದು ಕೂಡಿಟ್ಟ 529 ಉಳಿತಾಯ ಖಾತೆಯ ಹಣ ಏನಾಗುತ್ತದೆ?

ಟ್ಯೂಷನ್ ಫೀ, ಕಡ್ಡಾಯ ಶುಲ್ಕ, ಪುಸ್ತಕಕ್ಕೆ ಹೋಗುವ ಭಾಗಕ್ಕೆ ತೆರಿಗೆ ಇಲ್ಲ. ಊಟ, ವಸತಿಗೆ ಹೋಗುವ ಭಾಗ ಮಗುವಿನ ಆದಾಯವಾಗಿ ಲೆಕ್ಕಕ್ಕೆ ಬರುತ್ತದೆ. ಸ್ಕಾಲರ್‌ಶಿಪ್ ಎಷ್ಟು ಬಂತೋ ಅಷ್ಟು ಹಣವನ್ನು 529ರಿಂದ 10 ಶೇಕಡಾ ದಂಡ ಇಲ್ಲದೆ ತೆಗೆಯಬಹುದು. ಬೆಳೆದ ಭಾಗಕ್ಕೆ ಆದಾಯ ತೆರಿಗೆ ಮಾತ್ರ ಕಟ್ಟಬೇಕು.

ಚೌಕಾಸಿ ಮಾಡಬಹುದಾ?

ಖಾಸಗಿ ಕಾಲೇಜುಗಳಲ್ಲಿ ಕೇಳಿ ನೋಡಬಹುದು. ಅದೇ ಮಟ್ಟದ ಇನ್ನೊಂದು ಕಾಲೇಜಿನ ಆಫರ್ ಪತ್ರ ಜೊತೆಗಿಟ್ಟು, ವಿನಯವಾಗಿ, ಮಗುವೇ ಬರೆದರೆ ಕೆಲವೊಮ್ಮೆ ಒಂದಿಷ್ಟು ಸೇರಿಸುತ್ತಾರೆ. ದೊಡ್ಡ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಕೋಷ್ಟಕ ಅಂದರೆ ಕೋಷ್ಟಕ. ಹೊಸ ಎಸ್‌ಎಟಿ ಅಂಕವನ್ನು ಅವರು ಹೇಳಿದ ದಿನದೊಳಗೆ ಕಳಿಸಿದರೆ ಕೆಲವು ಕಡೆ ಮೇಲಿನ ಹಂತಕ್ಕೆ ಏರಿಸುತ್ತಾರೆ, ಅಷ್ಟೇ.

ಸ್ಕಾಲರ್‌ಶಿಪ್ ಖಾತ್ರಿ ಅಂತ ದುಡ್ಡು ಕೇಳುವವರನ್ನು ನಂಬಬಹುದಾ?

ಬೇಡ. ಸ್ಕಾಲರ್‌ಶಿಪ್‌ಗೆ ಮುಂಗಡ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಶಾಲೆಯ ಕೌನ್ಸೆಲರ್ ಉಚಿತ. ಅವರನ್ನು ಜಾಸ್ತಿ ಬಳಸಿಕೊಳ್ಳಿ.

ಬಜೆಟ್ ಎಷ್ಟು ಅಂತ ಮಗುವಿಗೆ ಹೇಳಬೇಕಾ? ಪಾಪ, ಆಸೆ ಮುರಿದ ಹಾಗಾಗಲ್ವಾ?

ಹೇಳಬೇಕು. ಅಪ್ಲಿಕೇಶನ್ ಹಾಕುವ ಮುಂಚೆಯೇ, ಅಂಕಿ ಸಮೇತ. ನಮ್ಮ ಮನೆಗಳಲ್ಲಿ ಮಕ್ಕಳ ಮುಂದೆ ದುಡ್ಡಿನ ಮಾತು ಆಡಬಾರದು ಎಂಬ ಅಭ್ಯಾಸ ಇದೆ. "ನೀನು ಓದು, ಉಳಿದದ್ದು ನಾವು ನೋಡ್ಕೋತೀವಿ" ಅನ್ನುವುದು ಪ್ರೀತಿಯ ಮಾತೇ. ಆದರೆ ಏಪ್ರಿಲ್‌ನಲ್ಲಿ ಕನಸಿನ ಕಾಲೇಜಿನ ಪತ್ರ ಹಿಡಿದು ಕುಣಿಯುತ್ತಿರುವ ಮಗಳಿಗೆ "ಇದು ಆಗಲ್ಲಮ್ಮ" ಅಂತ ಹೇಳುವುದು, ಅಕ್ಟೋಬರ್‌ನಲ್ಲೇ ಹೇಳುವುದಕ್ಕಿಂತ ಎಷ್ಟೋ ಪಾಲು ಕ್ರೂರ.

ವರ್ಷಕ್ಕೆ ಇಷ್ಟು ಕೊಡಬಲ್ಲೆವು, ತಮ್ಮನೂ ಇದ್ದಾನೆ, ಊರಲ್ಲಿ ಅಜ್ಜಿಯ ಆಸ್ಪತ್ರೆ ಖರ್ಚೂ ಇದೆ ಅಂತ ಕೂರಿಸಿಕೊಂಡು ಹೇಳಿದರೆ ಹದಿನೇಳರ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಪಟ್ಟಿ ಮಾಡುವಾಗ ಅವರೇ ಜಾಣತನ ತೋರಿಸುತ್ತಾರೆ. ಮಗು ತನ್ನ ಹೆಸರಿನಲ್ಲಿ ಮೊದಲ ವರ್ಷ ಪಡೆಯಬಹುದಾದ ಫೆಡರಲ್ ಸಾಲ 5,500 ಡಾಲರ್ ಮಾತ್ರ. ಉಳಿದ ಸಾಲ ಬೀಳುವುದು ಅಪ್ಪ ಅಮ್ಮನ ಮೇಲೆ, ಅದೂ ನಿವೃತ್ತಿಯ ಹಣ ಕೂಡಿಡಬೇಕಾದ ವಯಸ್ಸಿನಲ್ಲಿ. ಮುಂದೆ ಮೆಡಿಕಲ್ ಓದುವ ಯೋಚನೆ ಇದ್ದರಂತೂ ಡಿಗ್ರಿಯಲ್ಲಿ ಉಳಿಸಿದ ಪ್ರತಿ ಡಾಲರ್ ಆಮೇಲೆ ಬೇಕಾಗುತ್ತದೆ.

ನೆಂಟರು, ಗೆಳೆಯರು ಕಾಲೇಜಿನ ಹೆಸರು ಕೇಳುತ್ತಾರೆ ನಿಜ. ಸಾಲದ ಕಂತು ಅವರು ಕಟ್ಟುವುದಿಲ್ಲ. ಆನರ್ಸ್ ಕಾಲೇಜಿನಲ್ಲಿ (ಯೂನಿವರ್ಸಿಟಿಯೊಳಗೇ ಚೆನ್ನಾಗಿ ಓದುವವರಿಗೆ ಇರುವ ವಿಭಾಗ) ಸಣ್ಣ ಕ್ಲಾಸ್, ಬೇಗ ಸಿಗುವ ರಿಸರ್ಚ್ ಅವಕಾಶ, ಮೊದಲಿಗೇ ಕೋರ್ಸ್ ಆಯ್ದುಕೊಳ್ಳುವ ಸೌಲಭ್ಯ ಸಿಕ್ಕಿ, ಸಾಲವಿಲ್ಲದೆ ಓದು ಮುಗಿಸುವ ಮಗು ಯಾರಿಗೂ ಕಮ್ಮಿ ಅಲ್ಲ.

ಮೇ 1 ಹತ್ತಿರ ಬಂತು, ಮೂರು ಆಫರ್ ಇವೆ. ಈಗ ಏನು ಮಾಡಬೇಕು?

ಹೆಚ್ಚಿನ ಕಾಲೇಜುಗಳಿಗೆ ಉತ್ತರ ಕೊಡಬೇಕಾದ ಕೊನೆಯ ದಿನ ಮೇ 1. ಒಂದು ಹಾಳೆಯಲ್ಲಿ ಮೂರು ಕಾಲಂ ಮಾಡಿ ನಾಲ್ಕು ವರ್ಷದ ಒಟ್ಟು ಖರ್ಚು ಬರೆಯಿರಿ. ವರ್ಷಕ್ಕೆ ನಾಲ್ಕೈದು ಬಾರಿ ವಿಮಾನದ ಟಿಕೆಟ್, ಚಳಿ ರಾಜ್ಯವಾದರೆ ಬಟ್ಟೆಬರೆ, ಕಾಲೇಜಿನ ಆರೋಗ್ಯ ವಿಮೆ ಇವೂ ಅದರಲ್ಲಿರಲಿ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪರೀಕ್ಷೆ ಬರೆದು ಗಳಿಸಿದ ಎಪಿ ಕ್ರೆಡಿಟ್ ಯಾರು ಎಷ್ಟು ಒಪ್ಪುತ್ತಾರೆ ನೋಡಿ. ಒಂದು ಸೆಮಿಸ್ಟರ್ ಉಳಿದರೆ ಅದು ಒಂದು ಸ್ಕಾಲರ್‌ಶಿಪ್‌ಗೆ ಸಮ. ಸಾಧ್ಯವಾದರೆ ಮಗುವನ್ನು ಕರೆದುಕೊಂಡು ಹೋಗಿ ಕ್ಯಾಂಪಸ್ ತೋರಿಸಿ. ಪ್ರಯಾಣದ ಖರ್ಚಿಗೆ ಸಹಾಯ ಇದೆಯಾ ಅಂತ ಕಾಲೇಜನ್ನೇ ಕೇಳಿ, ಆಯ್ದ ಮಕ್ಕಳಿಗೆ ಕೆಲವರು ಕೊಡುತ್ತಾರೆ.

ತೀರ್ಮಾನವಾದ ಮೇಲೆ ಸೀಟಿನ ಡೆಪಾಸಿಟ್ ಒಂದು ಕಡೆ ಕಟ್ಟಿದರೆ ಸಾಲದು. ಹಲವು ಕಡೆ ಸ್ಕಾಲರ್‌ಶಿಪ್ ಅನ್ನು ಪೋರ್ಟಲ್‌ನಲ್ಲಿ ಬೇರೆಯಾಗಿ ಒಪ್ಪಿಕೊಳ್ಳಬೇಕು, ಹಾಸ್ಟೆಲ್‌ಗೆ ಬೇರೆ ಫಾರ್ಮ್. ಮೂರೂ ಆದ ಮೇಲೆ ಉಳಿದ ಎರಡು ಕಾಲೇಜುಗಳಿಗೆ ಬರುವುದಿಲ್ಲ ಅಂತ ಮಗುವಿನ ಕೈಯಲ್ಲೇ ಎರಡು ಸಾಲು ಬರೆಸಿ ಕಳಿಸಿ.